ತಮ್ಮ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲು, ಮತ್ತೆ ಬರೆಯಲ್ಲ ಅಂತಿದಾನೆ, ಏನ್ ಮಾಡ್ಲಿ?

ಶಿರಾ ಹುಡುಗಿ:
ನಮಸ್ಕಾರ ಎಲ್ರಿಗೂ. ನನ್ ತಮ್ಮ ಸರ್ಕಾರಿ ಹೈಸ್ಕೂಲು, ಕನ್ನಡ ಮೀಡಿಯಂ. ಎಕ್ಸಾಮ್ 1ರಲ್ಲಿ ಗಣಿತ ಒಂದು ಹೋಯ್ತು, ಮಿಕ್ಕಿದ್ದೆಲ್ಲ ಪಾಸು, ಕನ್ನಡದಲ್ಲಿ 125ಕ್ಕೆ 108 ತೆಗ್ದಿದಾನೆ. ರಿಸಲ್ಟ್ ಬಂದಾಗಿಂದ ಊಟಕ್ಕೂ ನಮ್ ಜೊತೆ ಕೂರಲ್ಲ, ಬೆಳಗ್ಗೆ ಬೈಕ್ ಗ್ಯಾರೇಜಿಗೆ ಹೋದ್ರೆ ರಾತ್ರಿನೇ ಬರೋದು, ಕೈಯೆಲ್ಲ ಗ್ರೀಸು. ದಿನಕ್ಕೆ ಸಿಗೋ 200 ರೂಪಾಯಿ ತಂದು ಅಮ್ಮನ ಕೈಗೆ ಕೊಡ್ತಾನೆ, ಅಮ್ಮಂಗೂ ಈಗ ಹೋಗ್ಲಿ ಬಿಡು ಅನ್ನಿಸ್ತಿದೆ. ನಂಗೆ ಮನಸ್ಸು ಒಪ್ತಿಲ್ಲ.

ಗಣಿತ ಮೇಷ್ಟ್ರು:
ನೋಡಮ್ಮ, ಮೊದ್ಲು ನಾಳೆನೇ ಸ್ಕೂಲಿಗೆ ಹೋಗಿ ಹೆಡ್‌ಮಾಸ್ಟರ್ ಹತ್ರ ಎಕ್ಸಾಮ್ 2ಕ್ಕೆ ಹೆಸರು ಕೊಟ್ಟು ಬಾ, ಕೊನೆ ದಿನ ಬೇಗ ಬಂದ್ಬಿಡುತ್ತೆ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಇರುತ್ತೆ, ಅವ್ನು ಗಣಿತ ಒಂದೇ ಬರೆದ್ರೆ ಸಾಕು, ಪಾಸಾದ್ರೆ ವರ್ಷ ಹಾಳಾಗಲ್ಲ. ಇನ್ನು ಓದೋದು. ನಾನು ನೋಡಿರೋ ಹಾಗೆ ಫೇಲಾಗೋ ಮಕ್ಕಳು ಸಿಕ್ಕಾಕೊಳ್ಳೋದು ಹತ್ತನೇ ಕ್ಲಾಸಿನ ಲೆಕ್ಕದಲ್ಲಲ್ಲ, ಆರು ಏಳನೇ ಕ್ಲಾಸಲ್ಲಿ ಬಿಟ್ಟ ಮೈನಸ್ ಚಿಹ್ನೆಯಲ್ಲಿ. x + y = 5, 2x – y = 4 ಕೊಟ್ಟು ಗ್ರಾಫ್ ಹಾಕ್ಸು. ಒಂದೊಂದಕ್ಕೆ ಮೂರು ಬಿಂದು, ಗೆರೆ ಎಳಿ, ಎರಡೂ ಸೇರೋ ಜಾಗದಲ್ಲಿ 3, 2 ಬರ್ಬೇಕು. x ಜಾಗಕ್ಕೆ 0 ಹಾಕಿದಾಗ ಎರಡನೇದ್ರಲ್ಲಿ y ಮೈನಸ್ 4 ಆಗುತ್ತೆ, ಬಹುಶಃ ಅಲ್ಲೇ ನಿಲ್ತಾನೆ, ಬೈಬೇಡ, ಅಲ್ಲಿಂದ್ಲೇ ಶುರು ಮಾಡು. ಆಮೇಲೆ ಥೇಲ್ಸ್ ಪ್ರಮೇಯ, ಸರಾಸರಿ, ಸಮಾಂತರ ಶ್ರೇಢಿ, ದಿನಾ ಒಂದೂವರೆ ಗಂಟೆ ಸಾಕು.

ಡಿಪ್ಲೊಮಾ ಅಣ್ಣ:
ಅಕ್ಕಾ, ಗ್ಯಾರೇಜ್ ಬಿಡು ಅಂತ ಮಾತ್ರ ಹೇಳ್ಬೇಡಿ, ನಂಗೂ ಹಂಗೇ ಹೇಳಿದ್ರು, ನಾನು ಇನ್ನೂ ಹಟ ಹಿಡ್ದೆ. ನಾನೂ ಗಣಿತದಲ್ಲಿ ಹೋಗಿದ್ದವನೇ. ಆಮೇಲೆ ಪಾಸ್ ಮಾಡಿ ಐಟಿಐ ಎರಡು ವರ್ಷ, ಅಲ್ಲಿಂದ ಸೀದಾ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರ್ದೆ, ಈಗ ಡಿಪ್ಲೊಮಾ ಮುಗಿಸ್ದೋರಿಗೆ ಇರೋ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ಹೋಗೋ ಪ್ರಯತ್ನದಲ್ಲಿದೀನಿ. ಇಂಜಿನ್ ಬಿಚ್ಚೋಕೆ ಇಷ್ಟ ಇರೋ ಹುಡುಗನಿಗೆ ಇದು ಒಳ್ಳೆ ದಾರಿ, ಆದ್ರೆ ಎಸ್ಸೆಸ್ಸೆಲ್ಸಿ ಪಾಸಾದ ಮಾರ್ಕ್ಸ್ ಕಾರ್ಡ್ ಇಲ್ದೆ ಪಾಲಿಟೆಕ್ನಿಕ್ ಗೇಟೂ ದಾಟೋಕಾಗಲ್ಲ. ಇದನ್ನ ಅವ್ನ ಗ್ಯಾರೇಜ್ ಮಾಲೀಕರ ಬಾಯಲ್ಲೇ ಹೇಳ್ಸಿ, ಆ ವಯಸ್ಸಲ್ಲಿ ಅವ್ರ ಮಾತು ನಾಟುತ್ತೆ.

ಕಡೂರು ಅಮ್ಮ:
ಒಂದರಿಂದ ಹತ್ತರವರೆಗೂ ಹಳ್ಳೀಲಿ, ಕನ್ನಡದಲ್ಲೇ ಓದಿದ್ರೆ ಸ್ಟಡಿ ಸರ್ಟಿಫಿಕೇಟಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಈಗ್ಲೇ ಹಾಕಿಸ್ಕೊಳಮ್ಮ, ಮುಂದೆ ಸಿಇಟಿ ಬರೆದ್ರೆ ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿಗೆ ಅದೇ ಕೇಳೋದು. ನನ್ ಮಗಳಿಗೆ ಕೊನೇ ವಾರದಲ್ಲಿ ಎರಡು ಸ್ಕೂಲು ಅಲೆದು ಸಾಕಾಗಿತ್ತು. ನಾಡಕಚೇರೀಲಿ ಆದಾಯ ಪತ್ರಾನೂ ಮಾಡಿಸಿಡು, ಸ್ಕಾಲರ್‌ಶಿಪ್ಪಿಗೆ, ಹಾಸ್ಟೆಲಿಗೆ ಬೇಕಾಗುತ್ತೆ.

ಶಿರಾ ಹುಡುಗಿ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಸ್ಕೂಲಿಗೆ ಹೋಗ್ಬಂದೆ, ಹೆಸರು ಕೊಟ್ಟಾಯ್ತು. ಗ್ಯಾರೇಜಿನ ಅಣ್ಣ ಸಂಜೆ ಐದಕ್ಕೇ ಕಳಿಸ್ತೀನಿ ಅಂದ್ರು. ಮೇಷ್ಟ್ರೇ, ನೀವ್ ಹೇಳ್ದಂಗೇ ಮೈನಸ್ 4 ಹತ್ರಾನೇ ನಿಂತ, ಬೈಲಿಲ್ಲ ಸರ್. ನಿನ್ನೆ ರಾತ್ರಿ ಅವ್ನಾಗೇ ಬಂದು ಗ್ರಾಫ್ ಶೀಟ್ ಖಾಲಿ ಆಯ್ತು, ಬರ್ವಾಗ ತಗೊಂಡ್ ಬಾ ಅಂದ.