ದಿವ್ಯಬಲಿಪೂಜೆಯ "ಬಲಿ": ಕಾರ್ಡಲ್ಲಿ ಇಡ್ಲೋ ತೆಗೀಲೋ?

ಎಲ್ಲರಿಗೂ ನಮಸ್ಕಾರ. ಒಂದು ಪದದ ವಿಷಯ ಕೇಳ್ಬೇಕಿತ್ತು, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಸಾಗರದ ಹತ್ರ ಒಂದು ಹಳ್ಳಿ. ಮನೆಮಾತು ಕೊಂಕಣಿ, ಕಥೋಲಿಕರು, ಓದಿದ್ದೆಲ್ಲ ಕನ್ನಡ ಶಾಲೇಲಿ. ಅಪ್ಪ ತೀರ್ಕೊಂಡು ಮುಂದಿನ ತಿಂಗಳಿಗೆ ಒಂದು ವರ್ಷ ಆಗುತ್ತೆ. ವರ್ಷದ ಪೂಜೆಗೆ ಊರವರನ್ನೆಲ್ಲ ಕರೀಬೇಕು, ಬರೀ ಚರ್ಚಿನವರನ್ನಲ್ಲ, ಅಪ್ಪನ ಜೊತೆ ಅಡಿಕೆ ಮಂಡಿಗೆ ಹೋಗ್ತಿದ್ದೋರು, ತೋಟದ ಕೆಲಸಕ್ಕೆ ಬರ್ತಿದ್ದೋರು, ಅಕ್ಕಪಕ್ಕದ ಹವ್ಯಕರ ಮನೆಗಳು, ದೀವರ ಮನೆಗಳು, ಎಲ್ಲರನ್ನೂ. ಅದಕ್ಕೆ ಒಂದು ಕಾರ್ಡ್ ಮಾಡ್ಸೋಣ ಅಂತ ಪೇಟೇಲಿ ಪ್ರೆಸ್ಸಿಗೆ ಹೋಗಿದ್ದೆ. ಚರ್ಚಿನಲ್ಲಿ ಯಾವಾಗ್ಲೂ ಬರೆಯೋ ಹಾಗೇ ಬರ್ಕೊಂಡು ಹೋಗಿದ್ದೆ: "ನಮ್ಮ ಪೂಜ್ಯ ತಂದೆಯವರ ಆತ್ಮಶಾಂತಿಗಾಗಿ ದಿವ್ಯಬಲಿಪೂಜೆಯನ್ನು ಅರ್ಪಿಸಲಾಗುವುದು". ಟೈಪ್ ಮಾಡೋ ಹುಡುಗ ಅಲ್ಲಿಗೆ ಬಂದು ಕೈ ನಿಲ್ಲಿಸ್ದ. "ಅಣ್ಣಾ, ಇಲ್ಲಿ ಬಲಿ ಅಂತಾನೇ ಇರ್ಬೇಕಾ, ಇಲ್ಲಾ ಬರೆಯೋವಾಗ ಏನಾದ್ರೂ ತಪ್ಪಾಗಿದ್ಯಾ?" ಅಂತ ಕೇಳ್ದ. ಸರಿ ಇದೆ ಹಾಕಪ್ಪ ಅಂದೆ, ಪ್ರೂಫ್ ತಗೊಂಡು ಮನೆಗೆ ಬಂದೆ.

ಪಕ್ಕದ ಮನೆ ಅಜ್ಜಿ ಜಗಲಿ ಮೇಲೆ ಕೂತಿದ್ರು, ಅವರಿಗೆ ಕನ್ನಡಕ ಹಾಕ್ಕೊಂಡು ಏನು ಸಿಕ್ಕಿದ್ರೂ ಓದೋ ಅಭ್ಯಾಸ, ಪ್ರೂಫ್ ಕೊಟ್ಟೆ. ಓದಿದ್ರು, ಆ ಪದದ ಮೇಲೆ ಬೆರಳು ಇಟ್ಕೊಂಡು ನನ್ನ ಮುಖ ನೋಡಿದ್ರು. "ಅಲ್ವೋ ತಮ್ಮಾ, ನಿಮ್ಮ ಚರ್ಚಲ್ಲೂ ಬಲಿ ಎಲ್ಲ ಕೊಡ್ತಾರಾ? ನಿಮ್ಮಪ್ಪ ಒಂದು ಕೋಳಿ ಹಿಡಿದಿದ್ದನ್ನೂ ನಾ ನೋಡಿಲ್ಲ ಮಾರಾಯ." ಅಜ್ಜಿ ಮುಖದಲ್ಲಿ ನಿಜವಾಗ್ಲೂ ಗಾಬರಿ ಇತ್ತು. ನಲವತ್ತು ವರ್ಷ ಪಕ್ಕದ ಮನೇಲಿದ್ದು, ನಮ್ಮ ಕ್ರಿಸ್ಮಸ್ ಕುಸ್ವಾರ್ ತಿಂದು, ಅವರ ದೀಪಾವಳಿ ಹೋಳಿಗೆ ನಮಗೆ ಕೊಟ್ಟು, ನಾವು ಪ್ರತಿ ಭಾನುವಾರ ಯಾವುದಕ್ಕೆ ಹೋಗ್ತೀವಿ ಅನ್ನೋದನ್ನ ಹೇಳೋ ಪದ ಅವರಿಗೆ ಹೀಗೆ ಕೇಳ್ಸುತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ಅವತ್ತಿಂದ ಇದು ತಲೇಲಿ ಕೊರೀತಾ ಇದೆ.

ಯೋಚನೆ ಮಾಡಿದ್ರೆ ಅಜ್ಜಿದು ತಪ್ಪಿಲ್ಲ. ಇವತ್ತಿನ ಆಡುಮಾತಲ್ಲಿ ಬಲಿ ಅಂದ್ರೆ ಚೌಡಿಗೆ ಕೋಳಿ, ಮಾರಿಗೆ ಕುರಿ, ಇಲ್ಲಾಂದ್ರೆ ಪೇಪರಲ್ಲಿ "ಬೈಕ್ ಅಪಘಾತಕ್ಕೆ ಇಬ್ಬರು ಬಲಿ". ಅಂದ್ರೆ ಬಲಿ ಆಗೋದು ಯಾವಾಗ್ಲೂ ಇನ್ನೊಂದು ಜೀವ, ಅದೂ ತನ್ನ ಮನಸ್ಸಿಲ್ದೆ. ಬಲಿಪಶು ಅನ್ನೋ ಮಾತಲ್ಲೂ ಅದೇ ಇದೆ. ಆದ್ರೆ ಅದೇ ಅಜ್ಜಿ ಹೋಗೋ ದೇವಸ್ಥಾನದಲ್ಲಿ ಗರ್ಭಗುಡಿ ಎದುರಿಗೆ ಕಲ್ಲಿನ ಬಲಿಪೀಠ ಇದೆ, ಅದರ ಮೇಲೆ ಅರ್ಚಕರು ಇಡೋದು ಅನ್ನ. ಭಟ್ರ ಮನೇಲಿ ವೈಶ್ವದೇವ ಆದ್ಮೇಲೆ ಬಲಿಹರಣ ಅಂದ್ರೂ ಅನ್ನಾನೇ, ಬೇರೆ ಜೀವಿಗಳ ಪಾಲಿನದು. ನಮ್ಮ ಚರ್ಚಲ್ಲಿ ಗುರುಗಳು ನಿಂತು ಪೂಜೆ ಮಾಡೋ ಮೇಜಿಗೂ ನಾವು ಹೇಳೋದು ಬಲಿಪೀಠ ಅಂತಾನೇ, ಅದರ ಮೇಲೆ ಇರೋದು ಗೋಧಿ ರೊಟ್ಟಿ, ದ್ರಾಕ್ಷಾರಸ. ಅಕ್ಷರ ಅಕ್ಷರ ಅದೇ ಪದ ಎರಡು ಕಡೆನೂ ಇದೆ, ಎರಡು ಕಡೆನೂ ರಕ್ತ ಇಲ್ಲ. ಆದ್ರೂ "ಬಲಿಪೂಜೆ" ಅಂತ ಸೇರಿಸಿ ಹೇಳಿದ ಕೂಡ್ಲೇ ಜನಕ್ಕೆ ಕತ್ತಿ ಕಾಣುತ್ತೆ. ಇದು ಯಾಕೆ ಹೀಗಾಯ್ತು, ಕನ್ನಡದಲ್ಲಿ ಬಲಿ ಪದದ ಈ ಅನ್ನದ ಅರ್ಥ ಯಾವಾಗಿಂದ ಹಿಂದೆ ಸರೀತು, ಹಳೆ ಕಾವ್ಯ ಶಾಸನ ಓದಿದೋರು ಹೇಳ್ಬೇಕು. ಇದು ನನ್ನ ಮೊದಲ್ನೇ ಪ್ರಶ್ನೆ.

ಬೇರೆ ಭಾಷೆಯವರು ಇದೇ ಪೂಜೆಗೆ ಏನಂತಾರೆ ಅಂತ ನೋಡ್ತಾ ಹೋದೆ, ನಮ್ಮ ಜಿಲ್ಲೇಲೇ ಎಲ್ಲ ಸಿಗುತ್ತೆ. ನಮ್ಮ ಕೊಂಕಣಿಲಿ ಮೀಸ್. ಅದು ಪೋರ್ಚುಗೀಸರ ಮಿಸ್ಸಾದಿಂದ ಬಂದಿದ್ದು, ಅದರ ಮೂಲ ಲ್ಯಾಟಿನ್ನಿನಲ್ಲಿ ಪೂಜೆ ಕೊನೇಗೆ ಹೇಳ್ತಿದ್ದ "ಇತೆ, ಮಿಸ್ಸಾ ಎಸ್ತ್" ಅನ್ನೋ ಮಾತು, ಹೊರಡಿ, ಕಳಿಸಿ ಕೊಟ್ಟಿದೆ ಅನ್ನೋ ಅರ್ಥ. ಜನಾನ ಚರ್ಚಿಂದ ಲೋಕಕ್ಕೆ ಕಳಿಸೋ ಮಾತೇ ಇಡೀ ಪೂಜೆಗೆ ಹೆಸರಾಗಿ ನಿಂತ್ಬಿಡ್ತು, ನನಗೆ ಇದು ತುಂಬ ಇಷ್ಟವಾದ ವಿಷಯ. ಭದ್ರಾವತಿಯ ತಮಿಳು ಕಥೋಲಿಕರು ತಿರುಪ್ಪಲಿ ಅಂತಾರೆ, ಅದರಲ್ಲಿರೋ ಪಲಿ ನಮ್ಮ ಬಲೀನೇ, ತಿರು ಅಂದ್ರೆ ದಿವ್ಯ, ಅಲ್ಲಿಗೆ ನಮ್ಮ ದಿವ್ಯಬಲಿ ಅವರ ತಿರುಪ್ಪಲಿ ಎರಡೂ ಒಂದೇ. ಕೇರಳದಿಂದ ಬಂದು ಮಲ್ನಾಡಲ್ಲಿ ನೆಲೆ ನಿಂತ ಸಿರೋ-ಮಲಬಾರ್ ಸಭೆಯವರು (ಅವರಿಗೆ 2007ರಲ್ಲಿ ಭದ್ರಾವತೀಲೇ ಬೇರೆ ಧರ್ಮಕ್ಷೇತ್ರ, ಅಂದ್ರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ, ಆಯ್ತು, ನಮ್ಮ ಶಿವಮೊಗ್ಗ ಧರ್ಮಕ್ಷೇತ್ರ 1988ರದು) ಕುರ್ಬಾನ ಅಂತಾರೆ, ಅದು ಸಿರಿಯಾಕ್ ಭಾಷೆಯದು, ದೇವರಿಗೆ ಒಪ್ಪಿಸಿದ್ದು ಅಂತ ಅರ್ಥ. ನಮ್ಮ ಊರಿನ ಸಾಬ್ರು ಬಕ್ರೀದಿಗೆ ಹೇಳೋ ಕುರ್ಬಾನಿ ಪದಕ್ಕೂ ಅದಕ್ಕೂ ಬೇರು ಒಂದೇ. ಪ್ರೊಟೆಸ್ಟೆಂಟ್ ಗೆಳೆಯರು ಮಾತ್ರ ಆರಾಧನೆ ಅಂತಾರೆ, ಅವರ ಸತ್ಯವೇದದಲ್ಲಿ ಬಲಿಪೀಠದ ಜಾಗದಲ್ಲಿ ಯಜ್ಞವೇದಿ ಇದೆ.

ಇನ್ನೊಂದು ಹೇಳ್ಲೇಬೇಕು. ಪೂಜೇಲಿ ಕೊಡೋ ಆ ತೆಳ್ಳಗಿನ ಬಿಳಿ ರೊಟ್ಟಿಗೆ ನಮ್ಮ ಹಳಬರು ಓಸ್ತಿ ಅಂತಾರೆ. ಚಿಕ್ಕೋನಿದ್ದಾಗಿಂದ ಹೇಳ್ತಾ ಇದೀನಿ, ಅದರ ಅರ್ಥ ಹುಡುಕಿದ್ದು ಈಗ. ಲ್ಯಾಟಿನ್ನಿನ ಹೋಸ್ತಿಯಾ ಅಂದ್ರೆ ಬಲಿಪಶು! ಅಂದ್ರೆ ಕಾರ್ಡಿಂದ ಬಲಿ ಪದ ತೆಗೆದ್ರೂ ಅದು ನಮ್ಮ ನಾಲಿಗೆ ಮೇಲೆ ಇದ್ದೇ ಇರುತ್ತೆ.

ಗೊತ್ತಿಲ್ಲದೋರಿಗೆ ಎರಡೇ ಮಾತಲ್ಲಿ ಹೇಳೋದಾದ್ರೆ, ನಮ್ಮ ನಂಬಿಕೇಲಿ ಬಲಿ ಕೊಡೋನೂ ಬಲಿ ಆಗೋನೂ ಒಬ್ಬನೇ, ಯೇಸುಸ್ವಾಮಿ. ಶಿಲುಬೆ ಮೇಲೆ ಅವರು ತಮ್ಮನ್ನೇ ಒಪ್ಪಿಸಿದ್ರು, ಆ ಒಂದೇ ಬಲಿ ಪ್ರತಿ ಪೂಜೇಲೂ ನಮ್ಮ ಮುಂದೆ ನಿಲ್ಲುತ್ತೆ. ಹೊಸದಾಗಿ ಯಾವ ಜೀವಾನೂ ತೆಗೆಯೋದಲ್ಲ. ಬಲಿಗಿಂತ ಕರುಣೆ ಬೇಕು ಅಂತ ಹಳೆ ಪ್ರವಾದಿ ಹೋಶೇಯ ಹೇಳಿದ್ದನ್ನ ಯೇಸು ತಿರುಗ ಎತ್ತಿ ಹೇಳಿದ್ದು ಮತ್ತಾಯನ ಶುಭಸಂದೇಶದಲ್ಲಿದೆ. ಹಾಗಾಗಿ ನಮ್ಮಲ್ಲಿ ಬಲಿ ಪದಕ್ಕೆ ಕೊಲ್ಲು ಅನ್ನೋ ಅರ್ಥ ಇಲ್ಲ, ತನ್ನನ್ನ ಕೊಡು ಅನ್ನೋ ಅರ್ಥ ಇದೆ.

ಈ ಅರ್ಥ ಪುಸ್ತಕದಲ್ಲಿ ಇರೋದಕ್ಕಿಂತ ಹೆಚ್ಚು ನಾನು ಅಪ್ಪನಲ್ಲಿ ನೋಡಿದ್ದು. ಒಂದು ಮಳೆಗಾಲ ನಮ್ಮ ತೋಟಕ್ಕೆ ಕೊಳೆ ಬಂದು ಅರ್ಧ ಫಸಲು ನೆಲಕ್ಕೆ ಬಿತ್ತು, ಬೆಳಿಗ್ಗೆ ಎದ್ದು ಹೋದ್ರೆ ಮರದ ಬುಡದಲ್ಲಿ ಹಸಿರು ಅಡಿಕೆ ಹಾಸಿಗೆ ಹಾಸಿದ ಹಾಗೆ. ಅದೇ ವರ್ಷ ಔಷಧಿ ಹೊಡೆಯೋಕೆ ಹತ್ತಿದ್ದ ಕೊನೆಗಾರ ಜಾರಿ ಬಿದ್ದು ಕಾಲು ಮುರ್ಕೊಂಡ. ಅಪ್ಪ ಮೂರು ತಿಂಗಳು ಪ್ರತಿ ಶನಿವಾರ ಸಂಜೆ ಕೊಡೆ ಹಿಡ್ಕೊಂಡು ಅವನ ಮನೆಗೆ ನಡ್ಕೊಂಡು ಹೋಗಿ ವಾರದ ಸಂಬಳ ಕೊಟ್ಟು ಬರ್ತಿದ್ರು, ಕೆಲಸ ಮಾಡ್ತಿದ್ರೆ ಎಷ್ಟು ಸಿಗ್ತಿತ್ತೋ ಅಷ್ಟೇ. ಮನೇಲಿ ದುಡ್ಡಿರ್ಲಿಲ್ಲ, ಅಮ್ಮ ಒಂದಿನ ತಡೀಲಾರ್ದೆ ಕೇಳಿದ್ರು, ಯಾಕೆ ಇಷ್ಟು, ಸ್ವಲ್ಪ ಕಮ್ಮಿ ಕೊಟ್ರೆ ಆಗಲ್ವಾ ಅಂತ. ಅಪ್ಪ ಒದ್ದೆ ಕೊಡೆ ಮೂಲೇಲಿ ಬಿಚ್ಚಿಡ್ತಾ ಹೇಳಿದ್ದು ಇಷ್ಟೇ: "ಅವನಿಗೆ ಕೊಡ್ದೆ ನಾಳೆ ಬೆಳಿಗ್ಗೆ ಬಲಿಪೀಠದ ಮುಂದೆ ಹೇಗೆ ನಿಂತ್ಕೊಳ್ಳಿ?" ಮನೇಲಿ ನಾವು ಕೊಂಕಣಿ ಮಾತಾಡೋದು, ಆದ್ರೆ ಆ ಒಂದು ಪದ ಅಪ್ಪ ಕನ್ನಡದಲ್ಲೇ ಹೇಳಿದ್ರು, ಯಾಕಂದ್ರೆ ಅವರು ಪೂಜೆ ಕೇಳಿದ್ದು ಕನ್ನಡದಲ್ಲಿ. ಚಿಕ್ಕ ಹುಡುಗ ಇದ್ದಾಗ ಲ್ಯಾಟಿನ್ ಪೂಜೆಗೆ ಗಂಟೆ ಹೊಡೀತಿದ್ರಂತೆ, ಒಂದು ಮಾತೂ ಅರ್ಥ ಆಗ್ತಿರ್ಲಿಲ್ಲಂತೆ. ಕಥೋಲಿಕ ಬಿಷಪ್ಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಲ್ಲಿ ಆಯಾ ಜನರ ಭಾಷೆಗೆ ದಾರಿ ಬಿಟ್ಟ ಮೇಲೆ ಕನ್ನಡ ಬಂತು. ಬಲಿಪೀಠದಲ್ಲಿ ಕಾಣಿಕೆ ಇಡೋಕೆ ಬಂದಾಗ ನಿನ್ನ ಮೇಲೆ ಯಾರಿಗಾದ್ರೂ ಬೇಜಾರಿದೆ ಅಂತ ನೆನಪಾದ್ರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಅವನ ಹತ್ರ ಸರಿ ಮಾಡ್ಕೋ ಅನ್ನೋ ಯೇಸುವಿನ ಮಾತನ್ನ ಅಪ್ಪ ಕನ್ನಡದಲ್ಲಿ ಕೇಳಿ ಕನ್ನಡದಲ್ಲೇ ಮನಸ್ಸಿಗೆ ತಗೊಂಡಿದ್ರು.

ಅದೇ ಮಹಾಸಭೆ 1964ರಲ್ಲಿ ಕೊಟ್ಟ ಲೂಮೆನ್ ಜೆನ್ಸಿಯುಂ ಅನ್ನೋ ದಾಖಲೆಯ 34ನೇ ಅಂಶದಲ್ಲಿ ಸಂಸಾರಸ್ಥರ ಬಗ್ಗೆ ಒಂದು ಮಾತಿದೆ. ಅವರ ಕೆಲಸ, ಪ್ರಾರ್ಥನೆ, ಗಂಡ ಹೆಂಡತಿ ಮಕ್ಕಳ ಬದುಕು, ದಿನದ ದುಡಿಮೆ, ವಿಶ್ರಾಂತಿ, ತಾಳ್ಮೆಯಿಂದ ಹೊತ್ತ ಕಷ್ಟ ಎಲ್ಲಾನೂ ಆತ್ಮಿಕ ಬಲಿಗಳಾಗಿ ಪೂಜೇಲಿ ರೊಟ್ಟಿ ಜೊತೆ ದೇವರಿಗೆ ಸಲ್ಲುತ್ತೆ ಅಂತ. ಅಪ್ಪ ಅದನ್ನ ಓದಿರ್ಲಿಲ್ಲ. ಆದ್ರೆ ಶನಿವಾರದ ಆ ಸಂಬಳ, ಭಾನುವಾರದ ಪೂಜೆ ಎರಡನ್ನೂ ಅವರು ಬೇರೆ ಬೇರೆ ಮಾಡಿ ನೋಡಿದ್ದೇ ಇಲ್ಲ. ಈಗ ನಮ್ಮ ಕಾಲದಲ್ಲಿ ಚರ್ಚು ಅಂದ್ರೆ ಭಾನುವಾರ ಒಂದು ಗಂಟೆ, ಮಿಕ್ಕಿದ್ದು ನಮ್ಮ ಪಾಡು ಅನ್ನೋ ಹಾಗೆ ಆಗ್ಬಿಟ್ಟಿದೆ, ನಾನೂ ಹಾಗೇ ಇದೀನಿ, ಅದು ನನಗೆ ನೋವು. ಅದಕ್ಕೇ ಈ ಪದ ಬಿಟ್ಕೊಡೋಕೆ ಮನಸ್ಸು ಬರ್ತಿಲ್ಲ. ಬರೀ "ಪೂಜೆ" ಅಂತ ಹಾಕಿದ್ರೆ ಯಾರಿಗೂ ತೊಂದ್ರೆ ಇಲ್ಲ, ನಿಜ, ಅಪ್ಪ ಶನಿವಾರ ಸಂಜೆ ನಡ್ಕೊಂಡು ಹೋಗ್ತಿದ್ದ ಆ ದಾರಿ ಮಾತ್ರ ಆ ಪದದಲ್ಲಿ ಇರಲ್ಲ.

ತನ್ನನ್ನೇ ಕೊಡೋದು ಅನ್ನೋ ಅರ್ಥ ಕನ್ನಡಕ್ಕೆ ಹೊಸದೇನೂ ಅಲ್ಲ ಅಂತ ನನ್ನ ಅನಿಸಿಕೆ. ನಮ್ಮ ಜಿಲ್ಲೆಯ ಈಸೂರನ್ನೇ ತಗೊಳ್ಳಿ, 1942ರಲ್ಲಿ ಸ್ವಾತಂತ್ರ್ಯ ಸಾರಿದ ಊರು, ಮುಂದಿನ ವರ್ಷ ಗಲ್ಲಿಗೇರಿದ ಐದು ಜನರ ವಿಷಯ ಬಂದಾಗ ಎಲ್ಲರೂ ಬಲಿದಾನ ಅಂತಾನೇ ಹೇಳ್ತಾರೆ, ಅಲ್ಲಿ ಯಾರಿಗೂ ಕುರಿ ಕೋಳಿ ನೆನಪಾಗಲ್ಲ. ಹಾಗಾದ್ರೆ ಬಲಿ ಜೊತೆ ದಾನ ಸೇರಿದ್ರೆ ಅರ್ಥ ಎತ್ತರಕ್ಕೆ ಹೋಗುತ್ತೆ, ಪೂಜೆ ಸೇರಿದ್ರೆ ಮಾರಿಗುಡಿ ನೆನಪಾಗುತ್ತೆ, ಅದು ಸಮಾಸದ ಗುಣಾನಾ? ಇದು ಎರಡನೇ ಪ್ರಶ್ನೆ. "ಆತ್ಮಾರ್ಪಣೆಯ ಪೂಜೆ" ಅಂತ ಒಬ್ಬ ಗೆಳೆಯ ಸೂಚಿಸ್ದ, ಅದು ನನಗೆ ಭಾಷಣದ ಮಾತಿನ ಹಾಗೆ ಕೇಳ್ಸುತ್ತೆ. "ಕೃತಜ್ಞತಾ ಪೂಜೆ" ಅಂದ್ರೆ ಈ ಪೂಜೆಗೆ ಮೂಲ ಗ್ರೀಕಿನಲ್ಲಿರೋ ಎವ್ಕರಿಸ್ತಿಯಾ (ಕೃತಜ್ಞತೆ ಹೇಳೋದು) ಅನ್ನೋ ಹೆಸರಿಗೆ ಹತ್ರ, ಆದ್ರೆ ಅಪ್ಪ ತೀರಿದ ವರ್ಷಕ್ಕೆ ಆ ಹೆಸರಲ್ಲಿ ಕರೆದ್ರೆ ಓದಿದೋರು ಏನಂದ್ಕೋತಾರೆ.

ಅಜ್ಜಿಗೆ ಇದನ್ನೆಲ್ಲ ಜಗಲಿ ಮೇಲೆ ಕೂತು ಹೇಳ್ದೆ, ಕೊನೆಗಾರನ ವಿಷಯಾನೂ ಹೇಳ್ದೆ, ಅವರಿಗೆ ಅದು ಗೊತ್ತಿರ್ಲಿಲ್ಲ. ಸುಮಾರು ಹೊತ್ತು ಸುಮ್ನಿದ್ರು. ಆಮೇಲೆ, "ನಮ್ಮ ಬಲೀಂದ್ರನೂ ಮೂರನೇ ಹೆಜ್ಜೆಗೆ ತನ್ನ ತಲೇನೇ ಕೊಟ್ನಲ್ಲೋ, ಬೇರೆಯವರದ್ದು ಕೊಡ್ಲಿಲ್ಲ" ಅಂದ್ರು. ದೀಪಾವಳಿಗೆ ಮನೆಮನೇಲಿ ಪೂಜೆ ತಗೊಳ್ಳೋ ಆ ರಾಜನ ಹೆಸರಿಗೂ ಈ ಬಲಿಗೂ ಸಂಬಂಧ ಇದ್ಯಾ, ಇಲ್ಲಾ ಅಕ್ಷರ ಮಾತ್ರ ಒಂದೇನಾ, ನಿಘಂಟು ಕಟ್ಟೋ ಅನುಭವ ಇರೋರು ಬಿಡಿಸಿ ಹೇಳಿದ್ರೆ ಅಜ್ಜಿಗೂ ಹೇಳ್ತೀನಿ.

ಪ್ರೂಫ್ ಶನಿವಾರ ವಾಪಸ್ ಕೊಡ್ಬೇಕು. ಸದ್ಯಕ್ಕೆ ನಾನು ಯೋಚಿಸಿರೋ ಸಾಲು ಇದು: "ನಮ್ಮ ತಂದೆಯವರ ನೆನಪಿನಲ್ಲಿ ದಿವ್ಯಬಲಿಪೂಜೆ, ನಂತರ ಎಲ್ಲರಿಗೂ ಊಟ". ಅರ್ಪಿಸಲಾಗುವುದು ಅನ್ನೋದನ್ನ ತೆಗೆದಿದೀನಿ, ಯಾರು ಅರ್ಪಿಸ್ತಾರೆ ಅಂತ ಹೇಳದ ವಾಕ್ಯ ಅದು, ನಮ್ಮಪ್ಪನ ಕಾರ್ಡಿಗೆ ಬೇಡ ಅನ್ನಿಸ್ತು. ಬಲಿ ಇಟ್ಟಿದೀನಿ. ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆ ಚರ್ಚುಗಳಲ್ಲಿ ಕಾರ್ಡಿಗೆ ಏನು ಹಾಕ್ತಾರೆ, ಚರ್ಚಿಗೆ ಸೇರದೋರು ಈ ಸಾಲು ಓದಿದ್ರೆ ಮೊದಲು ಏನು ಅನ್ಸುತ್ತೆ, ಎರಡೂ ಶುಕ್ರವಾರದೊಳಗೆ ತಿಳಿಸಿದ್ರೆ ದೊಡ್ಡ ಉಪಕಾರ.