ಸೆಲ್ಫ್ ತಿರುಗುತ್ತದೆ, ಗಾಡಿ ಸ್ಟಾರ್ಟ್ ಆಗೋದಿಲ್ಲ: ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಮೆಕ್ಯಾನಿಕ್: ಇವತ್ತು ಗ್ಯಾರೇಜ್ ರಜೆ, ಸಂಜೆವರೆಗೆ ಇಲ್ಲಿರುತ್ತೇನೆ. ಹಳೇ ಪೆಟ್ರೋಲ್ ಗಾಡಿಗಳ ಬಗ್ಗೆ ಕೇಳಿ. ಯಾವ ಗಾಡಿ, ಯಾವ ವರ್ಷ, ಗಾಳಿಗೆ ಪೆಟ್ರೋಲ್ ಬೆರೆಸುವ ಹಳೇ ಕಾರ್ಬೊರೇಟರ್ರಾ, ಇಂಜೆಕ್ಟರಿನಿಂದ ಚಿಮ್ಮಿಸುವ ಎಂಪಿಎಫ್‌ಐಯಾ ಅಂತ ಬರೆಯಿರಿ. ಅದಿಲ್ಲದೆ ನಾನು ಏನು ಹೇಳಿದರೂ ಊಹೆ ಅಷ್ಟೇ.

ಹಾಸನದ ಸದಸ್ಯರು: ಸರ್, 2004ರ ಮಾರುತಿ 800, ಎಂಪಿಎಫ್‌ಐ. ನಿನ್ನೆವರೆಗೆ ಸರಿ ಇತ್ತು. ಇವತ್ತು ಸೆಲ್ಫ್ ಜೋರಾಗಿ ತಿರುಗುತ್ತದೆ, ಸ್ಟಾರ್ಟ್ ಆಗುತ್ತಿಲ್ಲ.

ಮೆಕ್ಯಾನಿಕ್: ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಹಿಂದಿನ ಸೀಟಿನ ಕಡೆ ಕಿವಿ ಕೊಡಿ. ಟ್ಯಾಂಕಿನೊಳಗಿನ ಪಂಪ್ ಒಂದೆರಡು ಸೆಕೆಂಡ್ ಗುಂಯ್ ಅಂದು ನಿಲ್ಲಬೇಕು. ಸದ್ದಿಲ್ಲ ಅಂದರೆ ಮೊದಲು ಫ್ಯೂಸ್, ಆಮೇಲೆ ರಿಲೇ, ಕೊನೆಗೆ ಪಂಪ್. ಸದ್ದು ಬಂದರೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್‌ಗೆ ಕರೆಂಟ್ ಬರುತ್ತಿದೆಯಾ ನೋಡಿಸಿ.

ದಾವಣಗೆರೆ: ಅಣ್ಣಾ ನಂದೂ ಇದೇ ಕಥೆ. ಸೆಲ್ಫ್ ಹೊಡೆಯುತ್ತದೆ, ಸ್ಟಾರ್ಟ್ ಆಗಲ್ಲ. ಏನು ಮಾಡಲಿ?

ಮೆಕ್ಯಾನಿಕ್: ಯಾವ ಗಾಡಿ?

ತೀರ್ಥಹಳ್ಳಿ: ನಮಸ್ಕಾರ ಸರ್. ಅಪ್ಪನ 1997ರ 800, ಕಾರ್ಬೊರೇಟರ್. ಎರಡು ವಾರದಿಂದ ಬೆಳಿಗ್ಗೆ ಜಾಸ್ತಿ ಹೊತ್ತು ಸೆಲ್ಫ್ ಹೊಡೆಯಬೇಕಿತ್ತು. ಮಳೆ ಅಂತ ನಾಲ್ಕು ದಿನ ತೆಗೆಯಲಿಲ್ಲ, ಈಗ ಸ್ಟಾರ್ಟೇ ಆಗುತ್ತಿಲ್ಲ. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ. ಎಂಜಿನ್ ಆಯಿಲ್ ಕೂಡ ನೋಡಿದೆ, ಅಳೆಯುವ ಕಡ್ಡಿಯಲ್ಲಿ ಮೇಲಿನ ಗೆರೆಗಿಂತ ಒಂದು ಬೆರಳು ಮೇಲೇ ಇದೆ, ಅದರದ್ದೇನೂ ತೊಂದರೆ ಇಲ್ಲ. ನಾಳೆ ಅಪ್ಪನನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ಯಬೇಕು. ಕಾರ್ಬೊರೇಟರ್ ಬಾಯಿಗೆ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತದೆ ಅಂತ ಒಂದು ಫಾರ್ವರ್ಡ್ ಬಂದಿದೆ. ಮಾಡಲಾ?

ಮೆಕ್ಯಾನಿಕ್: ಬೇಡ! ಸೆಲ್ಫ್ ಹೊಡೆಯೋದು ಈಗಲೇ ನಿಲ್ಲಿಸಿ. ಕೊನೇ ಸಲ ಆಯಿಲ್ ಹಾಕಿದ್ದು ಯಾವಾಗ? ಕಡ್ಡಿ ಮತ್ತೆ ಎಳೆದು ಮೂಸಿ ನೋಡಿ. ಹತ್ತಿರ ಬೀಡಿ, ಬೆಂಕಿಕಡ್ಡಿ ಏನೂ ಇರಬಾರದು. ಒಂದು ಪ್ಲಗ್ ಬಿಚ್ಚಿ, ಒದ್ದೆಯಾ ಒಣಗಿದೆಯಾ ಹೇಳಿ.

ತೀರ್ಥಹಳ್ಳಿ: ಯುಗಾದಿಗೆ ಬದಲಿಸಿದ್ದು, ಆಮೇಲೆ ಹಾಕಿಲ್ಲ. ಕಡ್ಡಿಯ ತುದಿಯಿಂದ ನೀರಿನ ಹಾಗೆ ತೊಟ್ಟಿಕ್ಕುತ್ತಿದೆ ಸರ್. ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುತ್ತದೆ. ಪ್ಲಗ್ ಒಣಗಿದೆ.

ಹುಬ್ಬಳ್ಳಿ: ಇದೆಲ್ಲ ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲಿನ ಪ್ರಭಾವ. ಹಳೇ ಗಾಡಿಗಳನ್ನು ಕೊಲ್ಲುತ್ತಿದ್ದಾರೆ.

ಮೈಸೂರು: ನನ್ನ 1998ರ ಝೆನ್ ಅದೇ ಪೆಟ್ರೋಲಿನಲ್ಲಿ ಓಡುತ್ತಿದೆ. ಸುಮ್ನೆ ಹೆದರಿಸಬೇಡಿ.

ಮೆಕ್ಯಾನಿಕ್: ತೀರ್ಥಹಳ್ಳಿಯವರೇ, ಗಮನ ಕೊಟ್ಟು ಓದಿ. ಹಾಕದೇ ಇರುವ ಆಯಿಲ್ ಹೆಚ್ಚಾಗೋದಿಲ್ಲ. ಅದಕ್ಕೆ ಪೆಟ್ರೋಲ್ ಸೇರಿದೆ. ನಿಮ್ಮ ಗಾಡಿಯ ಪೆಟ್ರೋಲ್ ಪಂಪ್ ಟ್ಯಾಂಕಿನಲ್ಲಿಲ್ಲ, ಎಂಜಿನ್‌ಗೇ ಬೋಲ್ಟ್ ಮಾಡಿದೆ. ಒಳಗಿನ ಕ್ಯಾಮ್ ಅದರ ಲಿವರನ್ನು ತಳ್ಳುತ್ತದೆ, ಲಿವರ್ ರಬ್ಬರ್ ಡಯಾಫ್ರಮ್ಮನ್ನು ಎಳೆದು ಬಿಡುತ್ತದೆ, ಹಾಗೆ ಪೆಟ್ರೋಲ್ ಕಾರ್ಬೊರೇಟರಿಗೆ ಹೋಗುತ್ತದೆ. ಆ ರಬ್ಬರ್ ಹರಿದರೆ ಪೆಟ್ರೋಲ್ ಮೇಲಕ್ಕೆ ಹೋಗುವ ಬದಲು ಎಂಜಿನ್ ಒಳಗೆ ಇಳಿದು ಆಯಿಲ್ ಚೇಂಬರ್ ಸೇರುತ್ತದೆ. ಕಾರ್ಬೊರೇಟರಿಗೆ ಬರುವ ಪೆಟ್ರೋಲ್ ತಡೆಯುವ ನೀಡಲ್ ಮುಚ್ಚದೆ ಉಕ್ಕಿದರೂ ಆಯಿಲಿಗೆ ಪೆಟ್ರೋಲ್ ಬರುತ್ತದೆ, ಆದರೆ ಆಗ ಪ್ಲಗ್ ಒದ್ದೆ ಇರುತ್ತದೆ. ನಿಮ್ಮದು ಒಣಗಿದೆ. ಹಾಗಾಗಿ ನನ್ನ ಅನುಮಾನ ಪಂಪ್ ಮೇಲೆಯೇ. ಹೀಗೇ ಸೆಲ್ಫ್ ಹೊಡೆಯುತ್ತಾ ಹೋದರೆ ತೆಳ್ಳಗಾದ ಆಯಿಲ್‌ನಲ್ಲಿ ಬೇರಿಂಗ್ ಸವೆಯುತ್ತದೆ. ಅದಕ್ಕಿಂತ ದೊಡ್ಡ ಭಯ ಬೆಂಕಿಯದ್ದು, ಎಂಜಿನ್ ತುಂಬ ಪೆಟ್ರೋಲ್ ಆವಿ ಇದೆ. ಬ್ಯಾಟರಿಯ ಮೈನಸ್ ಬಿಚ್ಚಿಡಿ. ಶೆಡ್ ಬಾಗಿಲು ತೆರೆದಿಡಿ. ಅಪ್ಪನಿಗೆ ನಾಳೆ ಬೇರೆ ಗಾಡಿ ನೋಡಿ, ಇದನ್ನು ಯಾವ ಕಾರಣಕ್ಕೂ ತಳ್ಳಿ ಸ್ಟಾರ್ಟ್ ಮಾಡಲು ಹೋಗಬೇಡಿ.

ಆ ಫಾರ್ವರ್ಡ್ ಕಳಿಸಿದವರಿಗೂ ಹೇಳಿ. ಬಾಯಿಗೆ ಪೆಟ್ರೋಲ್ ಸುರಿದಾಗ ಎಂಜಿನ್ ಒಮ್ಮೆ ಹಿಂದಕ್ಕೆ ಹೊಡೆದರೆ ಬೆಂಕಿ ನೇರ ಮುಖಕ್ಕೆ ಬರುತ್ತದೆ. ನನ್ನ ಹತ್ತಿರ ಕೆಲಸ ಕಲಿತ ಹುಡುಗನ ಕೈ ಮೇಲೆ ಆ ಗುರುತು ಇವತ್ತಿಗೂ ಇದೆ.

ಮಡಿಕೇರಿ: 1999ರ 800, ಕಾರ್ಬೊರೇಟರ್. ಮಳೆಗಾಲದಲ್ಲಿ ಮಾತ್ರ ಬೆಳಿಗ್ಗೆ ತೊಂದರೆ, ಬಿಸಿಲು ಬಂದರೆ ಸರಿ.

ಮೆಕ್ಯಾನಿಕ್: ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಬಿಚ್ಚಿ ಒಣ ಬಟ್ಟೆಯಲ್ಲಿ ಒರೆಸಿ. ಒಳಗೆ ಕೂದಲೆಳೆಯಂಥ ಕಪ್ಪು ಗೆರೆ ಇದ್ದರೆ ಕ್ಯಾಪ್ ಬದಲಿಸಿ.

ಕೋಲಾರ: ಅಂಬಾಸಿಡರ್ ಡೀಸೆಲ್ ಬಗ್ಗೆ ಕೇಳಬಹುದಾ?

ಹುಬ್ಬಳ್ಳಿ: ಮೆಕ್ಯಾನಿಕ್ ಸಾಹೇಬ್ರು ಇ20 ಬಗ್ಗೆ ಬಾಯಿ ಬಿಡುತ್ತಿಲ್ಲ ನೋಡಿ.

ಬೆಂಗಳೂರು: ಹಳೇ ಡಬ್ಬಾ ಗುಜರಿಗೆ ಹಾಕಿ, ಸಮಸ್ಯೆ ಮುಗಿಯಿತು.

ಹುಬ್ಬಳ್ಳಿ: ನಿಮ್ಮ ದುಡ್ಡಿನಲ್ಲಿ ಹೊಸದು ಕೊಡಿಸಿ, ಹಾಕುತ್ತೇವೆ.

ಬೆಂಗಳೂರು: ನಿಮ್ಮ ಹೊಗೆ ಕುಡಿಯೋರು ನಾವು ಅಲ್ವಾ?

ಮೆಕ್ಯಾನಿಕ್: ಜಗಳ ಬೇರೆ ಕಡೆ ಮಾಡಿ. ಇ20 ನಿಮ್ಮ ಬೆಂಗಳೂರಿನಲ್ಲೇ 2023ರ ಫೆಬ್ರವರಿಯಲ್ಲಿ ಶುರುವಾಯಿತು. ಎಥನಾಲ್ ನೀರು ಹೀರುತ್ತದೆ, ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಅದು ನಿಜ, ಹಳೇ ಗಾಡಿಯವರು ಪೈಪ್ ಬದಲಿಸಿಕೊಳ್ಳಿ. ಆದರೆ 1997ರ ರಬ್ಬರ್ ಹರಿಯಲು ವಯಸ್ಸೊಂದೇ ಸಾಕು. ಬಿಚ್ಚಿ ನೋಡದೆ ಇಂಥದ್ದೇ ಕಾರಣ ಅನ್ನಲು ನಾನು ತಯಾರಿಲ್ಲ.

ತುಮಕೂರು: 2001ರ ಎಸ್ಟೀಮ್. ಹೈವೇಯಲ್ಲಿ ಓಡುತ್ತಲೇ ನಿಂತಿತು. ಈಗ ಸೆಲ್ಫ್ ಎಂದಿಗಿಂತ ಹಗುರವಾಗಿ, ಬೇಗ ಬೇಗ ತಿರುಗುತ್ತದೆ.

ಮೆಕ್ಯಾನಿಕ್: ಎಂಜಿನ್ ವಾಲ್ವ್‌ಗಳನ್ನು ನಡೆಸುವ ಟೈಮಿಂಗ್ ಬೆಲ್ಟ್ ಹರಿದಿರಬಹುದು. ಹಗುರವಾಗಿ ತಿರುಗೋದು ಸಿಲಿಂಡರಿನಲ್ಲಿ ಒತ್ತಡ, ಅಂದರೆ ಕಂಪ್ರೆಶನ್, ಇಲ್ಲದ ಗುರುತು. ಇನ್ನೊಮ್ಮೆಯೂ ಸೆಲ್ಫ್ ಹೊಡೆಯಬೇಡಿ, ಎಳೆಸಿಕೊಂಡು ಹೋಗಿ, ಬೆಲ್ಟ್ ಕವರ್ ಬಿಚ್ಚಿಸಿ ನೋಡಿ.

ಮಂಡ್ಯ: ಟ್ಯಾಂಕಿಗೆ ಎರಡು ನುಸಿಗುಳಿಗೆ ಹಾಕಿದರೆ ಪೆಟ್ರೋಲಿಗೆ ಪವರ್ ಬಂದು ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದಂತೆ. ಎಲ್ಲರಿಗೂ ಶೇರ್ ಮಾಡಿ 🙏

ಮೆಕ್ಯಾನಿಕ್: ಶೇರ್ ಮಾಡಬೇಡಿ. ಟ್ಯಾಂಕಿಗೆ ಪೆಟ್ರೋಲ್ ಬಿಟ್ಟು ಏನನ್ನೂ ಹಾಕಬೇಡಿ. ಇದನ್ನು ಮೂರನೇ ಸಲ ಹೇಳುತ್ತಿದ್ದೇನೆ.

ಮಂಡ್ಯ: ಒಳ್ಳೇದಕ್ಕೆ ಹೇಳಿದರೆ ಇಷ್ಟು ಸಿಟ್ಟಾ?

ದಾವಣಗೆರೆ: ಅಣ್ಣಾ, ನಂದು?

ಮೆಕ್ಯಾನಿಕ್: ಯಾವ ಗಾಡಿ ಅಂತ ಬೆಳಿಗ್ಗೆಯೇ ಕೇಳಿದ್ದೇನೆ.

ತೀರ್ಥಹಳ್ಳಿ: ಸರ್, ಇಲ್ಲಿನ ಮೆಕ್ಯಾನಿಕ್ ಬಂದು ಪಂಪ್ ಬಿಚ್ಚಿದರು. ಡಯಾಫ್ರಮ್ ಅಂಚಿನಲ್ಲಿ ಉಗುರಿನಷ್ಟು ಉದ್ದ ಸೀಳಿದೆ. ನಾಳೆಗೆ ಪಕ್ಕದ ಮನೆಯವರು ಗಾಡಿ ಕೊಡುತ್ತಾರಂತೆ. ಹೊಸ ಪಂಪ್ ಹಾಕಿದರೆ ಸಾಕಾ?

ಮೆಕ್ಯಾನಿಕ್: ಸಾಲದು. ಇರುವ ಆಯಿಲ್ ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ, ಆಮೇಲೆಯೇ ಸ್ಟಾರ್ಟ್ ಮಾಡಿ. ಇಳಿಸಿದ ಆಯಿಲ್ ಚರಂಡಿಗೆ ಚೆಲ್ಲಬೇಡಿ, ಒಲೆ ಹತ್ತಿರವೂ ಇಡಬೇಡಿ. ಮೂರು ದಿನ ಓಡಿಸಿ ಮತ್ತೆ ಕಡ್ಡಿ ಮೂಸಿ ನೋಡಿ, ಏನಾಯಿತು ಅಂತ ಇಲ್ಲೇ ಬರೆಯಿರಿ.