ಹೊಳೆ ಬಳಸಿ ಹರಿಯುವ ನೆಲಕ್ಕೆ ಒಂದು ಪದ ಬೇಕು

ಉಕ್ರೇನಿನ ಪಶ್ಚಿಮ ಭಾಗದ ಸಣ್ಣ ನಗರವೊಂದರ ಬಗೆಗಿನ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಸಾಲಿನಲ್ಲೇ ಎರಡು ಕಡೆ ಸಿಕ್ಕಿಹಾಕಿಕೊಂಡೆ. ಒಂದು ಊರಿನ ಹೆಸರು, ಇನ್ನೊಂದು ಆ ಊರು ನಿಂತ ನೆಲದ ಹೆಸರು.

ಊರಿನ ಹೆಸರನ್ನು ಕಮ್ಯನೆತ್ಸ್-ಪೊದೀಲ್‌ಸ್ಕಿ ಎಂದು ಬರೆದುಕೊಂಡಿದ್ದೇನೆ. ಹಳೆಯ ಭೂಪಟಗಳಲ್ಲಿ ಕಾಣುವ 'ಪೊದೋಲ್‌ಸ್ಕಿ' ರಷ್ಯನ್ ರೂಪ. ರಷ್ಯನ್ನಿನ ಒಕಾರ ಉಕ್ರೇನಿಯನ್ನಿನಲ್ಲಿ ಹಲವು ಕಡೆ ಇಕಾರವಾಗುತ್ತದೆ. ಲ್ವೊವ್ ಲ್ವಿವ್ ಆದದ್ದೂ ಹೀಗೆಯೇ. 'ಕಾಮ್ಯ' ಎಂದು ದೀರ್ಘ ಕೊಡಬೇಡಿ, ಅರ್ಥ ಎಲ್ಲಿಗೋ ಹೋಗುತ್ತದೆ! ಮೂಲದಲ್ಲಿರುವುದು 'ಕಾಮಿನ್', ಅಂದರೆ ಕಲ್ಲು. ಈ ಸ್ಲಾವಿಕ್ ಧಾತು ಸಂಸ್ಕೃತದ 'ಅಶ್ಮನ್' ಶಬ್ದದ ದೂರದ ನೆಂಟ. ನಮ್ಮ ವೈದ್ಯರು ಮೂತ್ರಕೋಶದ ಕಲ್ಲಿಗೆ ಹೇಳುವ 'ಅಶ್ಮರಿ'ಯಲ್ಲಿ ಅದೇ ಕಲ್ಲಿದೆ. ಕಕಾರ ಒಂದೇ ಎಂದು ನಮ್ಮ 'ಕಲ್ಲು' ಪದವನ್ನು ಇದಕ್ಕೆ ಗಂಟುಹಾಕುವಂತಿಲ್ಲ. ಬೆಲಾರೂಸಿನಲ್ಲಿಯೂ ಒಂದು ಕಮೆನೆತ್ಸ್ ಇದೆ. ಇದು ಪೊದೀಲ್ಯಾ ಸೀಮೆಯ ಕಮ್ಯನೆತ್ಸ್. ಒಟ್ಟಿನಲ್ಲಿ ನಮ್ಮ ಕಲ್ಲೂರುಗಳ ಜಾತಿಯ ಹೆಸರು.

ನಿಜವಾದ ತೊಡಕು ನೆಲದ್ದು. ನೀಸ್ಟರ್ ನದಿಯ ಉಪನದಿಯಾದ ಸ್ಮೋತ್ರಿಚ್ ಇಲ್ಲಿ ಬಂಡೆಯನ್ನು ಆಳವಾಗಿ ಕೊರೆದು, ಹಳೆಯ ಊರನ್ನು ಹೆಚ್ಚುಕಡಿಮೆ ಪೂರ್ತಿ ಸುತ್ತು ಬಳಸಿ, ಹೊರಟ ಜಾಗದ ಹತ್ತಿರಕ್ಕೇ ಮರಳಿ ಬರುತ್ತದೆ. ಕೊರೆದ ಕಣಿವೆಗೆ 'ಕಮರಿ' ಸಾಕು. 'ಕೊಳ್ಳ' ಎನ್ನಬಹುದಾದರೂ ನನ್ನ ಕಿವಿಗೆ ಅದು ಇಷ್ಟು ಕಡಿದಾದದ್ದಲ್ಲ. ಆದರೆ ಆ ಸುತ್ತಿನೊಳಗಿನ ನೆಲಕ್ಕೆ?

ಕೈಗೆ ಮೊದಲು ಬರುವುದು 'ನಡುಗಡ್ಡೆ'. ಶ್ರೀರಂಗಪಟ್ಟಣಕ್ಕೆ ಅದು ಸರಿ, ಅಲ್ಲಿ ಕಾವೇರಿ ಕವಲೊಡೆದು ಮತ್ತೆ ಕೂಡುತ್ತಾಳೆ. ಕರಾವಳಿಯ 'ಕುದುರು' ಕೂಡ ನಾಲ್ಕೂ ಕಡೆ ನೀರಿರುವ ನೆಲವೇ. ಸ್ಮೋತ್ರಿಚ್ ಕವಲೊಡೆಯುವುದಿಲ್ಲ. ಪಶ್ಚಿಮದಲ್ಲಿ ನೆಲದ ಕಿರಿದಾದ ಒಂದು ಕೊರಳು ಉಳಿದಿದೆ, ಹೊಳೆ ದಾಟದೆ ಊರಿಗೆ ಹೋಗುವ ದಾರಿ ಅದೊಂದೇ. ಊರಿನ ಇತಿಹಾಸವೆಲ್ಲ ಆ ಕೊರಳಲ್ಲಿದೆ. ಕೋಟೆ ಊರಿನ ನಡುವೆ ಇಲ್ಲದೆ ಕೊರಳಿನಾಚೆ ಇರುವುದು, ಎರಡನ್ನೂ ಒಂದು ಸೇತುವೆ ಬೆಸೆದಿರುವುದು ಅದಕ್ಕಾಗಿಯೇ. 1672ರಲ್ಲಿ ಸುಲ್ತಾನ ನಾಲ್ಕನೆಯ ಮೆಹಮದ್ ಖುದ್ದಾಗಿ ದಂಡು ತಂದಾಗ ತುರ್ಕರ ಫಿರಂಗಿಗಳು ಗುರಿಯಿಟ್ಟದ್ದು ಈ ಕೋಟೆಗೆ. ಕೋಟೆ ಬಿತ್ತು, ಊರು ಶರಣಾಯಿತು. 1699ರ ಕಾರ್ಲೊವಿತ್ಸ್ ಒಪ್ಪಂದದವರೆಗೆ ಅದು ತುರ್ಕರ ಕೈಯಲ್ಲಿತ್ತು. ಆಗ ಪ್ರಧಾನ ಚರ್ಚಿನ ಪಕ್ಕದಲ್ಲಿ ಎದ್ದ ಮಿನಾರು ಇಂದಿಗೂ ನಿಂತಿದೆ. ಮುಂದೆ ಊರನ್ನು ಮರಳಿ ಪಡೆದ ಪೋಲರು (ಪೋಲೆಂಡಿನವರು) ಅದರ ತುದಿಗೆ ಮೇರಿಯ ಪ್ರತಿಮೆಯನ್ನು ಏರಿಸಿದರು. (ಇದಕ್ಕೆ ಪದದ ಚಿಂತೆಯೇ ಇಲ್ಲ, ನೋಡಿದರೆ ಸಾಕು.) ನಾನು 'ನಡುಗಡ್ಡೆ' ಎಂದು ಬರೆದರೆ, ಕೋಟೆ ಆ ಜಾಗದಲ್ಲೇ ಏಕಿದೆ ಎಂಬುದು ಓದುಗರಿಗೆ ಹೊಳೆಯುವುದೇ ಇಲ್ಲ.

'ಪರ್ಯಾಯದ್ವೀಪ' ಎಂದರೆ ಕಡಲು ಕಣ್ಣಮುಂದೆ ಬರುತ್ತದೆ. ಕೊರಳಿಗೆ ಶಾಲೆಯ ಪುಸ್ತಕದ 'ಭೂಸಂಧಿ' ಇದೆ, ಅದಕ್ಕೂ ಪನಾಮಾದ ವಾಸನೆ. ನಾನು ಕಟ್ಟಿಕೊಂಡ ಪದ 'ಬಳಸುಗಡ್ಡೆ'. ಬಳಸುದಾರಿಯಲ್ಲಿರುವ 'ಬಳಸು' ಇದು, ಸುತ್ತಿಕೊಂಡು ಹೋಗುವುದು ಎಂಬ ಅರ್ಥದಲ್ಲಿ. ಮನೆಯಲ್ಲಿ ಓದಿ ಹೇಳಿದಾಗ ಅತ್ತಿಗೆ, "ಸಾಂಬಾರಿಗೆ ಬಳಸುವ ಗಡ್ಡೆಯೇ?" ಎಂದು ಕೇಳಿದರು. ಅಲ್ಲಿಗೆ ನನ್ನ ಧೈರ್ಯ ಅರ್ಧ ಇಳಿಯಿತು.

ಕೃಷ್ಣೆ, ಮಲಪ್ರಭೆ, ತುಂಗಭದ್ರೆಯ ದಂಡೆಯಲ್ಲಿ ಬೆಳೆದವರು ಇಲ್ಲಿ ಇದ್ದೀರಿ. ಹೊಳೆ ಹೀಗೆ ಮೂರು ಕಡೆ ಸುತ್ತಿದ ಹೊಲಕ್ಕೆ, ಊರಿಗೆ ನಿಮ್ಮ ಹಿರಿಯರು ಏನೆನ್ನುತ್ತಿದ್ದರು? ಹೆಸರಿದ್ದರೆ ಊರಿನ ಸಮೇತ ತಿಳಿಸಿ. ಇರದಿದ್ದರೆ 'ಬಳಸುಗಡ್ಡೆ'ಯ ಬದಲು 'ಹೊಳೆಬಳಸು' ನಡೆದೀತೇ?